ಮ್ಯಾಶ್ ನೋಡುವುದಾದರೆ ಯಾರ ಕಾಲದ್ದು? ಹೆನ್ರಿಯದ್ದೋ, ಪಾಟರನದ್ದೋ, ವಿಂಚೆಸ್ಟರನದ್ದೋ

ಅಣ್ಣನಿಗೂ ನನಗೂ ಇಪ್ಪತ್ತು ವರ್ಷಗಳಿಂದ ತೀರದ ಒಂದು ವ್ಯಾಜ್ಯವಿದೆ. ‘ಮ್ಯಾಶ್’ ಧಾರಾವಾಹಿಯ ಯಾವ ತಂಡ ಹೆಚ್ಚು ಎಂಬುದು. “ಟ್ರ್ಯಾಪರ್ ಹೋದ ದಿನವೇ ಅದರ ಜೀವ ಹೋಯ್ತು ಕಣೆ, ಆಮೇಲೆ ಬಂದದ್ದೆಲ್ಲ ಉಪನ್ಯಾಸ” ಅನ್ನುತ್ತಾನೆ ಅವನು. ನಾನು ಕರ್ನಲ್ ಪಾಟರನ ಪಕ್ಷ. ಮೊನ್ನೆ ಅವನ ಮಗಳು ಫೋನ್ ಮಾಡಿ, “ಅತ್ತೆ, ಹನ್ನೊಂದು ಸೀಸನ್ ಇದೆ. ಅಪ್ಪ ಮೂರಕ್ಕೆ ನಿಲ್ಲಿಸು ಅಂತಾರೆ, ನೀವು ನಾಲ್ಕರಿಂದ ಶುರು ಅಂತೀರಿ. ನಾನು ಎಲ್ಲಿಂದ ಹಿಡಿಯಲಿ?” ಎಂದು ಕೇಳಿದಳು. ಅವಳಿಗೆಂದು ಬರೆಯಲು ಕೂತದ್ದು ಇಷ್ಟುದ್ದ ಬೆಳೆಯಿತು.

ಹೆಸರಷ್ಟೇ ಕೇಳಿದವರಿಗೆ ಮೊದಲು ನಾಲ್ಕು ಮಾತು. ಮ್ಯಾಶ್ ಎಂದರೆ ಅಮೆರಿಕದ ಸೈನ್ಯದ ಸಂಚಾರಿ ಶಸ್ತ್ರಚಿಕಿತ್ಸಾ ಆಸ್ಪತ್ರೆ. ಯುದ್ಧರಂಗದಿಂದ ಕೆಲವೇ ಮೈಲಿ ಹಿಂದೆ, ಡೇರೆಗಳಲ್ಲಿ ನಡೆಯುವಂಥದ್ದು. 1950ರ ಜೂನ್ 25ರಿಂದ 1953ರ ಜುಲೈ 27ರವರೆಗೆ ನಡೆದ ಕೊರಿಯಾ ಯುದ್ಧದ ಕಾಲಕ್ಕೆ, ಉಯಿಜೊಂಗ್‌ಬು ಎಂಬ ಊರಿನ ಬಳಿ, 4077 ಎಂಬ ಸಂಖ್ಯೆಯ ಕಾಲ್ಪನಿಕ ಆಸ್ಪತ್ರೆಯ ಕಥೆ ಇದು. ಅಲ್ಲಿಯ ಮ್ಯಾಶ್ ಘಟಕವೊಂದರಲ್ಲಿ ನಿಜವಾಗಿ ಕೆಲಸ ಮಾಡಿದ್ದ ವೈದ್ಯರೊಬ್ಬರು ರಿಚರ್ಡ್ ಹೂಕರ್ ಎಂಬ ಹೆಸರಿನಲ್ಲಿ 1968ರಲ್ಲಿ ಕಾದಂಬರಿ ಬರೆದರು. 1970ರಲ್ಲಿ ಅದು ಸಿನಿಮಾ ಆಯಿತು. 1972ರ ಸೆಪ್ಟೆಂಬರ್ 17ರಂದು ಸಿಬಿಎಸ್ ವಾಹಿನಿಯಲ್ಲಿ ಧಾರಾವಾಹಿಯಾಗಿ ಶುರುವಾಗಿ, 1983ರ ಫೆಬ್ರವರಿ 28ರಂದು ಮುಗಿಯಿತು. ಮೂರು ವರ್ಷ ನಡೆದ ಯುದ್ಧವನ್ನು ಹನ್ನೊಂದು ವರ್ಷ ತೋರಿಸಿದರು. ಒಟ್ಟು 256 ಕಂತು. ಹೆಚ್ಚಿನವು ಇಪ್ಪತ್ತೈದೇ ನಿಮಿಷದವು.

ಹನ್ನೊಂದು ವರ್ಷ ನಡೆದ ಯಾವ ಧಾರಾವಾಹಿಯಲ್ಲೂ ನಟರು ಬರುತ್ತಾರೆ, ಹೋಗುತ್ತಾರೆ. ನಮ್ಮ ಧಾರಾವಾಹಿಗಳಲ್ಲಾದರೆ ಅದೇ ಪಾತ್ರಕ್ಕೆ ಇನ್ನೊಬ್ಬರನ್ನು ಕೂರಿಸುತ್ತಾರೆ. ಸೋಮವಾರದಿಂದ ಸೊಸೆಯ ಮುಖವೇ ಬೇರೆ. ಮ್ಯಾಶ್‌ನವರು ಹಾಗೆ ಮಾಡಲಿಲ್ಲ. ಹೋದವನ ಪಾತ್ರವನ್ನು ಅವನೊಂದಿಗೇ ಕಳಿಸಿಕೊಟ್ಟು, ಆ ಖಾಲಿ ಮಂಚಕ್ಕೆ ಅವನಿಗೆ ಪೂರ್ತಿ ವಿರುದ್ಧ ಸ್ವಭಾವದ ಮನುಷ್ಯನನ್ನು ತಂದು ಹಾಕಿದರು. ಹಾಗಾಗಿ ಇಲ್ಲಿ ತಂಡ ಬದಲಾದಾಗ ಹಾಸ್ಯದ ಜಾತಿಯೇ ಬದಲಾಗುತ್ತದೆ. ಅಣ್ಣನೂ ನಾನೂ ಜಗಳವಾಡುವುದು ನಟರ ಬಗ್ಗೆ ಅಂದುಕೊಂಡಿದ್ದೆ. ಯಾವ ನಗು ಯಾರಿಗೆ ಬೇಕು ಎಂಬುದರ ಬಗ್ಗೆ ಆಡುತ್ತಿದ್ದೇವೆ ಎಂದು ಗೊತ್ತಾದದ್ದು ಇದನ್ನು ಬರೆಯುವಾಗ.

ಒಂದು ಎಚ್ಚರಿಕೆ. ಯಾರು ಹೇಗೆ ಹೋದರು ಎಂದು ಹೇಳದೆ ಈ ಹೋಲಿಕೆ ಮಾಡಲಾಗದು. ಕೊನೆಯ ಕಂತಿನ ಗುಟ್ಟನ್ನು ಮಾತ್ರ ಮುಟ್ಟುವುದಿಲ್ಲ.

ಮೂರು ಕಾಲ

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಮೊದಲ ಮೂರು ಸೀಸನ್, 1972ರಿಂದ 75ರವರೆಗೆ, 72 ಕಂತು: ಹಾಕೈ ಮತ್ತು ಟ್ರ್ಯಾಪರ್ ಎಂಬ ಡಾಕ್ಟರುಗಳ ಜೋಡಿ, ಕಮಾಂಡರ್ ಆಗಿ ಹೆನ್ರಿ ಬ್ಲೇಕ್, ಎಲ್ಲರ ಕಾಲೆಳೆತಕ್ಕೆ ಗುರಿಯಾಗಿ ಫ್ರ್ಯಾಂಕ್ ಬರ್ನ್ಸ್. ನಾಲ್ಕು ಮತ್ತು ಐದು, 1975ರಿಂದ 77: ಟ್ರ್ಯಾಪರನ ಜಾಗಕ್ಕೆ ಬಿ.ಜೆ. ಹನಿಕಟ್, ಹೆನ್ರಿಯ ಜಾಗಕ್ಕೆ ಶರ್ಮನ್ ಪಾಟರ್, ಫ್ರ್ಯಾಂಕ್ ಹಾಗೇ. ಆರರಿಂದ ಹನ್ನೊಂದು, 1977ರಿಂದ 83: ಫ್ರ್ಯಾಂಕ್ ಹೋಗಿ ಚಾರ್ಲ್ಸ್ ಎಮರ್ಸನ್ ವಿಂಚೆಸ್ಟರ್. ಎಂಟನೆಯ ಸೀಸನ್ನಿನ ಶುರುವಿನಲ್ಲಿ, 1979ರ ಅಕ್ಟೋಬರ್‌ನಲ್ಲಿ, ಕಮಾಂಡರನ ಗುಮಾಸ್ತ ರೇಡಾರ್ ಕೂಡ ಊರಿಗೆ ಹೊರಡುತ್ತಾನೆ. ಮೊದಲಿನಿಂದ ಕೊನೆಯವರೆಗೆ ಪ್ರತಿ ಕಂತಿನಲ್ಲೂ ಇರುವವರು ಒಬ್ಬರೇ: ಹಾಕೈ ಪಿಯರ್ಸ್ ಆಗಿ ಅಲನ್ ಆಲ್ಡ.

ತೆರೆಯ ಹಿಂದೆಯೂ ಇದೇ ಗಡಿಗಳಿವೆ. ಸಿನಿಮಾವನ್ನು ಟಿವಿಗೆ ಒಗ್ಗಿಸಿ ಅದಕ್ಕೆ ಮಾತು ಕೊಟ್ಟವರು ಲ್ಯಾರಿ ಗೆಲ್ಬಾರ್ಟ್. ಅವರು ನಾಲ್ಕನೇ ಸೀಸನ್ ಮುಗಿಸಿ ಹೊರಟರು. ನಿರ್ಮಾಪಕ ಜೀನ್ ರೆನಾಲ್ಡ್ಸ್ ಐದನೆಯದು ಮುಗಿಸಿ ಚುಕ್ಕಾಣಿ ಬಿಟ್ಟರು. ಆಮೇಲಿನ ಹೊಣೆ ಬರ್ಟ್ ಮೆಟ್ಕಾಫ್ ಅವರದು. ಆಲ್ಡ ಅವರ ಕೈವಾಡವೂ ಹೆಚ್ಚುತ್ತ ಹೋಯಿತು. ಕೊನೆಗೆ ಅವರು ನಿರ್ದೇಶಿಸಿದ ಕಂತುಗಳೇ ಮೂವತ್ತು ದಾಟಿದವು. ಆದ್ದರಿಂದ “ಮಾತಿನ ಚುರುಕು ಕಡಿಮೆಯಾಯ್ತು” ಎಂದು ಅಣ್ಣ ದೂರುವಾಗ ನಟರನ್ನಷ್ಟೇ ಹಿಡಿದು ಬೈಯುವುದು ನ್ಯಾಯವಲ್ಲ.

ಟ್ರ್ಯಾಪರೋ, ಬಿ.ಜೆ.ಯೋ

ವೇಯ್ನ್ ರಾಜರ್ಸ್ ಮಾಡಿದ ಟ್ರ್ಯಾಪರ್ ಜಾನ್, ಹಾಕೈಯ ಜೋಡೆತ್ತು. ಒಬ್ಬ ಅರ್ಧ ಹೇಳಿದ ಮಾತನ್ನು ಇನ್ನೊಬ್ಬ ಮುಗಿಸುತ್ತಾನೆ. ‘ಸ್ವಾಂಪ್’ ಎಂದು ಅವರು ಕರೆಯುವ ಡೇರೆಯೊಳಗೆ ಕಳ್ಳಭಟ್ಟಿ ಇಟ್ಟುಕೊಂಡು, ನರ್ಸುಗಳ ಹಿಂದೆ ಸುತ್ತಿಕೊಂಡು, ಸೈನ್ಯದ ಶಿಸ್ತನ್ನು ದಿನಕ್ಕೆ ಹತ್ತು ಸಲ ಮುರಿಯುವ ಇಬ್ಬರು ಒಳ್ಳೆಯ ಡಾಕ್ಟರುಗಳು. ಮೊದಲ ಸೀಸನ್ನಿನ ‘ಟಟಲ್’ ಕಂತು ನೋಡಿ. ಹಾಕೈ ಕ್ಯಾಪ್ಟನ್ ಟಟಲ್ ಎಂಬ ಇಲ್ಲದ ಅಧಿಕಾರಿಯನ್ನು ಸೃಷ್ಟಿಸಿ, ಅವನ ಸಂಬಳವನ್ನು ಅನಾಥಾಲಯಕ್ಕೆ ದಾಟಿಸುತ್ತಾನೆ. ಇಡೀ ಕ್ಯಾಂಪು ಅವನನ್ನು ಕಂಡಿದ್ದೇನೆ ಎನ್ನತೊಡಗುತ್ತದೆ. ಟ್ರ್ಯಾಪರ್ ಕಾಲದ ನಗು ಇದು. ಓಟದ ನಗು, ಉಸಿರು ತಿರುಗಿಸಿಕೊಳ್ಳಲು ಬಿಡದ್ದು.

ಆದರೆ ಆ ಇಬ್ಬರೂ ಒಂದೇ ಅಚ್ಚಿನವರು. ತನ್ನ ಪಾತ್ರ ಹಾಕೈಯ ನೆರಳಾಗುತ್ತಿದೆ ಎಂಬ ಅಸಮಾಧಾನದಿಂದಲೇ ರಾಜರ್ಸ್ ಮೂರು ವರ್ಷಕ್ಕೆ ಬಿಟ್ಟುಹೋದರು. ನೋಡುತ್ತ ಹೋದರೆ ಆ ದೂರಿನಲ್ಲಿ ಹುರುಳಿದೆ ಎನಿಸುತ್ತದೆ. ಟ್ರ್ಯಾಪರನಿಗೆಂದೇ ಬರೆದ ಕಂತುಗಳು ಬೆರಳೆಣಿಕೆಯವು. ಅವುಗಳಲ್ಲಿ ಎರಡನೇ ಸೀಸನ್ನಿನ ‘ಕಿಮ್’ ನನಗೆ ಬಲು ಇಷ್ಟ. ಗಾಯಗೊಂಡು ಬಂದ ಕೊರಿಯನ್ ಹುಡುಗನನ್ನು ದತ್ತು ತೆಗೆದುಕೊಳ್ಳಲು ಹೊರಟ ಟ್ರ್ಯಾಪರನ ಮುಖದಲ್ಲಿ ಬೇರೊಬ್ಬ ಮನುಷ್ಯ ಕಾಣುತ್ತಾನೆ. ಆ ಮನುಷ್ಯನನ್ನು ಇನ್ನಷ್ಟು ಬರೆಯಬೇಕಿತ್ತು.

ಅವನು ಹೋದ ರೀತಿ ಇನ್ನೂ ಕೊರೆಯುತ್ತದೆ. ನಾಲ್ಕನೇ ಸೀಸನ್ ಶುರುವಾಗುವ ‘ವೆಲ್ಕಮ್ ಟು ಕೊರಿಯಾ’ದಲ್ಲಿ ಹಾಕೈ ಟೋಕಿಯೊದಿಂದ ರಜೆ ಮುಗಿಸಿ ಬರುವಷ್ಟರಲ್ಲಿ ಟ್ರ್ಯಾಪರನಿಗೆ ಬಿಡುಗಡೆಯಾಗಿ, ಅವನು ಹೊರಟಾಗಿರುತ್ತದೆ. ಜೀಪು ಹತ್ತಿ ಕಿಂಪೋ ವಿಮಾನ ನಿಲ್ದಾಣಕ್ಕೆ ಧಾವಿಸಿದರೆ ಹತ್ತೇ ನಿಮಿಷದಲ್ಲಿ ತಪ್ಪಿಹೋಗುತ್ತದೆ. ಒಂದು ಚೀಟಿಯನ್ನೂ ಬರೆದಿಟ್ಟಿಲ್ಲ. ಅದೇ ನಿಲ್ದಾಣದಲ್ಲಿ, ಮಡಿಕೆ ಮುರಿಯದ ಸಮವಸ್ತ್ರದಲ್ಲಿ, ಹೊಸದಾಗಿ ಬಂದಿಳಿದ ಬಿ.ಜೆ. ನಿಂತಿರುತ್ತಾನೆ.

ಮೈಕ್ ಫ್ಯಾರೆಲ್ ಅವರ ಬಿ.ಜೆ. ಮೊದಲ ನೋಟಕ್ಕೆ ಸಪ್ಪೆ. ಕ್ಯಾಲಿಫೋರ್ನಿಯಾದ ಮಿಲ್ ವ್ಯಾಲಿಯವನು. ಹೆಂಡತಿ ಪೆಗ್, ಕೂಸು ಎರಿನ್ ಎಂದು ಜಪಿಸುವವನು. ಆಡುವ ಮಾತು ಕಡಿಮೆ, ದನಿ ತಗ್ಗು. ಅಣ್ಣ ಇವನನ್ನು ‘ಪಕ್ಕದ ಮನೆ ಅಳಿಯ’ ಎಂದು ಕರೆದು ಬದಿಗೆ ತಳ್ಳುತ್ತಾನೆ. ಅಲ್ಲೇ ಅವನು ಸೋಲುವುದು ಎಂದು ನನ್ನ ವಾದ. ಟ್ರ್ಯಾಪರನ ಪಕ್ಕದಲ್ಲಿ ಹಾಕೈ ಏನು ಮಾಡಿದರೂ ಅದು ಸಹಜವಾಗಿ ಕಾಣುತ್ತಿತ್ತು. ಬಿ.ಜೆ.ಯ ಪಕ್ಕದಲ್ಲಿ ನಿಂತಾಗ ಹಾಕೈ ಎಷ್ಟು ಕುಡಿಯುತ್ತಾನೆ, ಎಷ್ಟು ಒಂಟಿ, ಎಲ್ಲಿ ಬಿರುಕು ಬಿಡುತ್ತಿದ್ದಾನೆ ಎಂಬುದು ಎದ್ದು ತೋರುತ್ತದೆ. ಇನ್ನು ಬಿ.ಜೆ.ಯ ಸಮಾಧಾನವೂ ಮೇಲ್ಪದರ ಮಾತ್ರ. ಎಂಟನೇ ಸೀಸನ್ನಿನ ‘ಪೀರಿಯಡ್ ಆಫ್ ಅಡ್ಜಸ್ಟ್‌ಮೆಂಟ್’ನಲ್ಲಿ, ಊರಿಗೆ ಹೊರಟ ರೇಡಾರ್ ದಾರಿಯಲ್ಲಿ ಪೆಗ್‌ಳನ್ನು ಕಾಣುತ್ತಾನೆ. ಸಮವಸ್ತ್ರ ಕಂಡ ಕೂಸು ಅವನನ್ನೇ “ಅಪ್ಪಾ” ಎಂದು ಕರೆಯುತ್ತದೆ. ಪತ್ರದಲ್ಲಿ ಆ ಸುದ್ದಿ ಓದಿದ ಬಿ.ಜೆ. ಆ ರಾತ್ರಿ ಏನೇನು ಒಡೆದುಹಾಕುತ್ತಾನೆ ನೋಡಿ. ಅಷ್ಟು ವರ್ಷ ಸುಮ್ಮನಿದ್ದವನು ಸಿಡಿದರೆ ಮಾತ್ರ ಆ ಸಿಡಿತಕ್ಕೆ ತೂಕ ಬರುತ್ತದೆ.

ನಗುವೊಂದೇ ಅಳತೆಗೋಲಾದರೆ ಟ್ರ್ಯಾಪರ್. ಹಾಕೈಯನ್ನು ಅರಿಯಬೇಕಾದರೆ ಬಿ.ಜೆ.

ಹೆನ್ರಿಯೋ, ಪಾಟರೋ

ಮೀನುಗಾರರ ಟೋಪಿ ತೊಟ್ಟು, ಗಾಳ ಹಿಡಿದು ಕನಸು ಕಾಣುವ ಹೆನ್ರಿ ಬ್ಲೇಕ್‌ಗೆ ಕಮಾಂಡರನ ಕುರ್ಚಿ ಒಗ್ಗುವುದೇ ಇಲ್ಲ. ರೇಡಾರ್ ಮುಂದಿಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕುತ್ತಾನೆ. ಮೆಕ್ಲೀನ್ ಸ್ಟೀವನ್‌ಸನ್ ತಡವರಿಸುವ ಮಾತನ್ನೇ ಸಂಗೀತ ಮಾಡಿದ ನಟ. ವಾಕ್ಯ ಎಲ್ಲಿ ಶುರುವಾಯಿತೋ ಅಲ್ಲಿಗೆ ಮರಳುವಷ್ಟರಲ್ಲಿ ಎದುರಿದ್ದವರು ಎದ್ದುಹೋಗಿರುತ್ತಾರೆ. ಆದರೆ ಮೊದಲ ಸೀಸನ್ನಿನ ‘ಸಮ್‌ಟೈಮ್ಸ್ ಯು ಹಿಯರ್ ದ ಬುಲೆಟ್’ ಕಂತಿನಲ್ಲಿ ಈ ಪೆದ್ದು ಕಮಾಂಡರನೇ ಇಡೀ ಧಾರಾವಾಹಿಯ ಅತ್ಯಂತ ಗಟ್ಟಿ ಮಾತನ್ನು ಆಡುತ್ತಾನೆ. ಬಾಲ್ಯದ ಗೆಳೆಯ ತನ್ನ ಕೈಯಲ್ಲೇ ಸತ್ತಾಗ ಹಾಕೈ ಅಳುತ್ತಾನೆ. ಹೆನ್ರಿ ಅವನಿಗೆ ಕಮಾಂಡ್ ತರಬೇತಿಯಲ್ಲಿ ಕಲಿತ ಎರಡು ನಿಯಮ ಹೇಳುತ್ತಾನೆ: ಯುದ್ಧದಲ್ಲಿ ಎಳೆಯರು ಸಾಯುತ್ತಾರೆ ಎಂಬುದು ಮೊದಲನೆಯದು, ಆ ಮೊದಲನೆಯದನ್ನು ವೈದ್ಯರು ಬದಲಿಸಲಾರರು ಎಂಬುದು ಎರಡನೆಯದು.

1975ರ ಮಾರ್ಚ್ 18. ‘ಅಬಿಸಿನಿಯಾ, ಹೆನ್ರಿ’. ಸ್ಟೀವನ್‌ಸನ್ ಬೇರೆ ವಾಹಿನಿಗೆ ಹೊರಟಿದ್ದರು. ಹೆನ್ರಿಗೆ ಬಿಡುಗಡೆ, ಬೀಳ್ಕೊಡುಗೆ, ಅಪ್ಪುಗೆ, ಹೆಲಿಕಾಪ್ಟರ್. ಎಲ್ಲವೂ ನಗುನಗುತ್ತ ಮುಗಿಯಿತು ಎನ್ನುವಷ್ಟರಲ್ಲಿ ಆಪರೇಷನ್ ನಡೆಯುತ್ತಿರುವ ಡೇರೆಯೊಳಗೆ ರೇಡಾರ್ ಮುಖಕ್ಕೆ ಮುಸುಕೂ ಕಟ್ಟದೆ ಬರುತ್ತಾನೆ. ಹೆನ್ರಿಯಿದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದರು, ಯಾರೂ ಉಳಿದಿಲ್ಲ ಎಂದು ಓದುತ್ತಾನೆ. ಆ ಕೊನೆಯ ಪುಟವನ್ನು ಗೆಲ್ಬಾರ್ಟ್ ಮುಚ್ಚಿಟ್ಟಿದ್ದರು. ಆಲ್ಡ ಅವರ ಹೊರತು ಉಳಿದ ನಟರ ಕೈಗೆ ಅದು ಸಿಕ್ಕಿದ್ದು ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ. ಯಾರದೋ ಕೈಯಿಂದ ಒಂದು ಉಪಕರಣ ಜಾರಿ ಬಿದ್ದ ಸದ್ದು ಕೇಳುತ್ತದೆ. ಯಾರೂ ಕೆಲಸ ನಿಲ್ಲಿಸುವುದಿಲ್ಲ. ನಗಿಸುವ ಧಾರಾವಾಹಿಯ ಮುಖ್ಯ ಪಾತ್ರವೊಂದನ್ನು ಹೀಗೆ ಕೊಂದದ್ದಕ್ಕೆ ಪ್ರತಿಭಟನೆಯ ಪತ್ರಗಳು ರಾಶಿ ಬಂದವು. ಸೈಗಾನ್ ಪತನವಾದದ್ದು ಆರು ವಾರಗಳ ನಂತರ. ವಿಯೆಟ್ನಾಂನಿಂದ ಮಗ ಮರಳದ ಎಷ್ಟೋ ಮನೆಗಳಲ್ಲಿ ಅಂದು ಟಿವಿ ಉರಿಯುತ್ತಿತ್ತು ಎಂಬುದನ್ನು ನೆನೆದರೆ, ಗೆಲ್ಬಾರ್ಟ್ ಮಾಡಿದ್ದು ಸರಿ ಎಂದೇ ನಾನು ಹೇಳುತ್ತೇನೆ.

ಅಂಥ ಕುರ್ಚಿಯಲ್ಲಿ ಮುಂದೆ ಯಾರು ಕೂರಬೇಕು? ಇನ್ನೊಬ್ಬ ಪೆದ್ದನನ್ನು ತಂದಿದ್ದರೆ ಧಾರಾವಾಹಿ ಅಲ್ಲಿಗೇ ಮುಗಿಯುತ್ತಿತ್ತು. ಹ್ಯಾರಿ ಮಾರ್ಗನ್ ಬಂದರು. ಮೂರನೇ ಸೀಸನ್ನಿನ ಮೊದಲ ಕಂತಿನಲ್ಲಿ ಅವರೇ ತಲೆಕೆಟ್ಟ ಜನರಲ್ ಒಬ್ಬನಾಗಿ ಬಂದು ಹೊಟ್ಟೆ ಹುಣ್ಣಾಗಿಸಿದ್ದರು. ಆ ಮುಖವನ್ನು ಜನ ಮರೆಯುವ ಮುನ್ನವೇ ಕರ್ನಲ್ ಪಾಟರ್ ಆಗಿ ಬರುವ ಧೈರ್ಯ ಬೇಕಲ್ಲ! ಪಾಟರ್ ಮೊದಲ ಮಹಾಯುದ್ಧದ ಕುದುರೆ ದಳದಲ್ಲಿದ್ದವನು, ಹೊಟ್ಟೆಪಾಡಿಗಲ್ಲದೆ ಮನಸಾರೆ ಸೈನ್ಯದಲ್ಲಿ ಉಳಿದವನು, ಸ್ವತಃ ಶಸ್ತ್ರವೈದ್ಯ. ಅವನಿಗೆ ಶಿಸ್ತು ಗೊತ್ತು, ಯಾವಾಗ ಅದನ್ನು ಸಡಿಲಿಸಬೇಕು ಎಂಬುದೂ ಗೊತ್ತು. ನಮ್ಮ ಕಡೆಯ ಹಳೆಯ ಶಾಲೆಗಳಲ್ಲಿ ಇಂಥ ಹೆಡ್‌ಮಾಸ್ಟರುಗಳಿದ್ದರು. ಬೆತ್ತ ಗೋಡೆಗೆ ತೂಗುತ್ತಿದ್ದುದೇ ಸಾಕು, ಕೈಗೆತ್ತಿಕೊಂಡದ್ದನ್ನು ಕಂಡವರಿಲ್ಲ.

‘ಡಿಯರ್ ಮಿಲ್ಡ್ರೆಡ್’ನಲ್ಲಿ ರೇಡಾರ್ ಒಂದು ಕುದುರೆಯನ್ನು ತಂದು ಅವನಿಗೆ ಉಡುಗೊರೆ ಕೊಡುತ್ತಾನೆ. ಮುದುಕನ ಕಣ್ಣು ತುಂಬುವ ಆ ಗಳಿಗೆಯಿಂದ 4077 ಒಂದು ಮನೆಯಾಗುತ್ತದೆ. ಎಂಟನೇ ಸೀಸನ್ನಿನ ‘ಓಲ್ಡ್ ಸೋಲ್ಜರ್ಸ್’ ಇನ್ನೊಂದು. ಮೊದಲ ಯುದ್ಧದ ಗೆಳೆಯರು ಒಂದು ಬಾಟಲಿ ಬ್ರಾಂಡಿ ಎತ್ತಿಟ್ಟು, ಕೊನೆಗೆ ಉಳಿದವನು ಅದನ್ನು ಕುಡಿಯಬೇಕು ಎಂದು ಮಾತಾಡಿಕೊಂಡಿರುತ್ತಾರೆ. ಕೊನೆಗುಳಿದವನು ಪಾಟರ್. ಬಾಟಲಿ ಅವನ ಕೈಗೆ ಬರುತ್ತದೆ. ಮಾರ್ಗನ್ 1980ರಲ್ಲಿ ಎಮ್ಮಿ ಪ್ರಶಸ್ತಿ ಪಡೆದರು.

ಹೆನ್ರಿ ನಗಿಸುವುದರಲ್ಲಿ ಮುಂದು, ಪಾಟರ್ ಇರುವುದರಲ್ಲಿ. ನಾನು ಪಾಟರನನ್ನು ಆರಿಸುತ್ತೇನೆ. ಆದರೆ ಹೆನ್ರಿಯ 72 ಕಂತು ನೋಡದವರಿಗೆ ಆ ಕುರ್ಚಿಯ ಭಾರ ಗೊತ್ತಾಗದು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅಣ್ಣನಿಗೆ ಈ ಅಂಕ ಬಿಟ್ಟುಕೊಟ್ಟೆ.

ಫ್ರ್ಯಾಂಕೋ, ಚಾರ್ಲ್ಸೋ

ಇಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ.

ಲ್ಯಾರಿ ಲಿನ್ವಿಲ್ ಒಳ್ಳೆಯ ನಟ. ಹೇಡಿ, ಜಿಪುಣ, ಕೈಗುಣವಿಲ್ಲದ ಡಾಕ್ಟರ್, ದೇಶಭಕ್ತಿಯ ಹೆಸರಿನಲ್ಲಿ ಕಿರುಕುಳ ಕೊಡುವವನು ಹೀಗೆ ಫ್ರ್ಯಾಂಕ್ ಬರ್ನ್ಸ್‌ನಲ್ಲಿ ಒಂದೂ ಒಳ್ಳೆಯ ಗುಣ ಉಳಿಯದ ಹಾಗೆ ಐದು ವರ್ಷ ಆಡಿದರು. ಅಂಥ ಮನುಷ್ಯನನ್ನು ಗೋಳು ಹೊಯ್ದುಕೊಂಡರೆ ನೋಡುವವರಿಗೆ ಪಾಪ ಅನ್ನಿಸುವುದಿಲ್ಲ, ಹಾಗಾಗಿ ಹಾಸ್ಯ ಸಲೀಸು. ಆದರೆ ಐದನೇ ಸೀಸನ್ನಿಗೆ ಬರುವಾಗ ಆ ಬಾವಿ ಬತ್ತಿತ್ತು. ಅವನ ಗುಟ್ಟಿನ ಪ್ರೇಯಸಿಯಾಗಿದ್ದ ಮುಖ್ಯ ನರ್ಸ್ ಮೇಜರ್ ಮಾರ್ಗರೆಟ್ ಬೇರೊಬ್ಬನನ್ನು ಮದುವೆಯಾದ ಮೇಲೆ ಫ್ರ್ಯಾಂಕ್‌ಗೆ ಮಾಡಲು ಏನೂ ಉಳಿಯಲಿಲ್ಲ. ಪಾತ್ರ ಇನ್ನು ಬೆಳೆಯದು ಎಂದು ಲಿನ್ವಿಲ್ ಅವರೇ ಹೊರಟರು. ಆರನೇ ಸೀಸನ್ನಿನ ಶುರುವಿಗೆ ತಿಳಿಯುವುದೇನೆಂದರೆ, ತಲೆಕೆಟ್ಟು ಎಲ್ಲೆಲ್ಲೋ ಅಲೆದ ಫ್ರ್ಯಾಂಕ್‌ಗೆ ಸೈನ್ಯ ಬಡ್ತಿ ಕೊಟ್ಟು ಅಮೆರಿಕದ ಆಸ್ಪತ್ರೆಯೊಂದಕ್ಕೆ ಕಳಿಸಿದೆ. ಕೆಲಸ ಬಲ್ಲವರು ಡೇರೆಯಲ್ಲೇ ಉಳಿದರು.

ಅವನ ಮಂಚಕ್ಕೆ ಬಂದವನು ಬಾಸ್ಟನ್ನಿನ ಸಿರಿವಂತ ಮನೆತನದ ಚಾರ್ಲ್ಸ್ ಎಮರ್ಸನ್ ವಿಂಚೆಸ್ಟರ್. ಟೋಕಿಯೊದ ಆಸ್ಪತ್ರೆಯಲ್ಲಿ ಮೇಲಧಿಕಾರಿಯನ್ನು ಇಸ್ಪೀಟಿನಲ್ಲಿ ಸೋಲಿಸಿದ್ದಕ್ಕೆ ಇಲ್ಲಿಗೆ ತಳ್ಳಿಸಿಕೊಂಡವನು. ಡೇವಿಡ್ ಆಗ್ಡನ್ ಸ್ಟೈಯರ್ಸ್ ಅವರ ಆ ತುಂಬುಕಂಠ, ಗದ್ದ ಎತ್ತಿ ಆಡುವ ಮಾತು. ಇವನೂ ಜಂಬಗಾರ, ಇವನೂ ಕಿರಿಕಿರಿ. ವ್ಯತ್ಯಾಸ ಒಂದೇ: ಶಸ್ತ್ರಚಿಕಿತ್ಸೆಯ ಕತ್ತಿ ಹಿಡಿದರೆ ಹಾಕೈಗೆ ಸಮ. ಫ್ರ್ಯಾಂಕ್‌ನನ್ನು ಅಣಕಿಸಿದಂತೆ ಇವನನ್ನು ಅಣಕಿಸಿ ದಕ್ಕಿಸಿಕೊಳ್ಳಲು ಆಗದು. ಎರಡು ಪಟ್ಟು ಚೆಂದದ ಮಾತಿನಲ್ಲಿ ತಿರುಗಿಸಿ ಕೊಡುತ್ತಾನೆ. ಡೇರೆಯೊಳಗಿನ ಹಾಸ್ಯ ಬೇಟೆಯಾಗಿದ್ದದ್ದು ಅವನು ಬಂದ ಮೇಲೆ ಜುಗಲ್‌ಬಂದಿಯಾಯಿತು.

ಎರಡು ಕಂತು ಹೇಳುತ್ತೇನೆ. ಎಂಟನೇ ಸೀಸನ್ನಿನ ‘ಮೊರೇಲ್ ವಿಕ್ಟರಿ’. ಸೈನಿಕನೊಬ್ಬನ ಕಾಲು ಉಳಿಸಿದೆನೆಂದು ಚಾರ್ಲ್ಸ್ ಬೀಗುತ್ತಿರುವಾಗ, ಆ ಹುಡುಗ ಪಿಯಾನೋ ವಾದಕ, ಬಲಗೈಯ ಬೆರಳುಗಳ ಚಲನೆ ಹೋಗಿದೆ ಎಂದು ಗೊತ್ತಾಗುತ್ತದೆ. ಎಡಗೈಗೆಂದೇ ರವೆಲ್ ರಚಿಸಿದ ಕನ್ಸರ್ಟೋದ ಸ್ವರಲಿಪಿ ತರಿಸಿ ಅವನ ಮುಂದಿಟ್ಟು, ತಾನು ಸ್ವರಗಳನ್ನು ನುಡಿಸಬಲ್ಲೆ, ಆದರೆ ಸಂಗೀತ ತನಗೆ ಎಂದೂ ಒಲಿಯಲಿಲ್ಲ ಎಂದು ಆ ಹಮ್ಮಿನ ಮನುಷ್ಯ ಒಪ್ಪಿಕೊಳ್ಳುತ್ತಾನೆ. ಎರಡನೆಯದು ಒಂಬತ್ತನೇ ಸೀಸನ್ನಿನ ಕ್ರಿಸ್‌ಮಸ್ ಕಂತು ‘ಡೆತ್ ಟೇಕ್ಸ್ ಎ ಹಾಲಿಡೇ’. ಮನೆತನದ ರೂಢಿಯಂತೆ ಚಾರ್ಲ್ಸ್ ಅನಾಥಾಲಯದ ಬಾಗಿಲಲ್ಲಿ ಹೆಸರು ಹೇಳದೆ ದುಬಾರಿ ಚಾಕಲೇಟು ಇಟ್ಟು ಬರುತ್ತಾನೆ. ಅದು ಕಳ್ಳಸಂತೆಯಲ್ಲಿ ಮಾರಾಟವಾದದ್ದು ತಿಳಿದು ಕೆಂಡವಾಗುತ್ತಾನೆ. ಅನಾಥಾಲಯದವನು ಹೇಳುತ್ತಾನೆ, ಆ ದುಡ್ಡಿಗೆ ಒಂದು ತಿಂಗಳ ಅಕ್ಕಿ, ಕೋಸು ಬಂತು ಎಂದು. ಊಟವೇ ಕಾಣದ ಮಗುವಿಗೆ ಸಿಹಿ ಹಂಚಲು ಹೋದ ತಪ್ಪು ತನ್ನದು ಎಂದು ಚಾರ್ಲ್ಸ್ ತಲೆಬಾಗುತ್ತಾನೆ. ಇದನ್ನು ಮರೆಯಲ್ಲಿ ಕೇಳಿಸಿಕೊಂಡ ಗುಮಾಸ್ತ ಕ್ಲಿಂಗರ್, ಸದಾ ಇವನಿಂದ ಬೈಸಿಕೊಳ್ಳುವವನು, ಉಳಿದ ಹಬ್ಬದೂಟ ತಂದು ಸುಮ್ಮನೆ ಮುಂದಿಡುತ್ತಾನೆ. ಆ ರಾತ್ರಿ ಅವರು ಒಬ್ಬರನ್ನೊಬ್ಬರು ಪಟ್ಟ, ಪದವಿ ಬಿಟ್ಟು ಹೆಸರು ಹಿಡಿದು ಕರೆಯುತ್ತಾರೆ. ಅಣ್ಣ ಕೂಡ ಈ ಕಂತಿಗೆ ಬಾಯಿ ಮುಚ್ಚುತ್ತಾನೆ.

ರೇಡಾರ್ ಮತ್ತು ಕ್ಲಿಂಗರ್

ಸಿನಿಮಾದಿಂದ ಧಾರಾವಾಹಿಗೆ ಅದೇ ಪಾತ್ರದಲ್ಲಿ ಬಂದ ಮುಖ್ಯ ನಟರು ಒಬ್ಬರೇ, ರೇಡಾರ್ ಆಗಿದ್ದ ಗ್ಯಾರಿ ಬರ್ಗಾಫ್. ಅವರ ಎಡಗೈಯ ಬೆರಳುಗಳು ಹುಟ್ಟಿನಿಂದ ಚಿಕ್ಕವು. ಅದಕ್ಕೇ ಆ ಕೈ ಸದಾ ಕಡತದ ಹಲಗೆಯ ಹಿಂದಿರುತ್ತದೆ. ಹೆಲಿಕಾಪ್ಟರಿನ ಸದ್ದು ಇತರರಿಗೆ ಕೇಳುವ ಮುನ್ನವೇ ಕೇಳಿಸಿಕೊಳ್ಳುವ ಈ ಅಯೋವಾದ ಹಳ್ಳಿ ಹುಡುಗ ಮೊದಲ ವರ್ಷಗಳಲ್ಲಿ ಹೆನ್ರಿಯ ಬ್ರಾಂಡಿ ಕದಿಯುವ ಕಿಲಾಡಿ, ಆಮೇಲೆ ಕರಡಿಗೊಂಬೆ ಅಪ್ಪಿ ಮಲಗುವ ಮುಗ್ಧ. ಬರೆಯುವವರು ಅವನನ್ನು ಹಿಂದಕ್ಕೆ ಬೆಳೆಸಿದರು. ಕಿಲಾಡಿ ರೇಡಾರ್ ನನಗೆ ಹೆಚ್ಚು ಪ್ರಿಯ. ಅವನ ವಿದಾಯ ಮಾತ್ರ ಅಪರೂಪದ್ದು. ಗಾಯಾಳುಗಳ ಗದ್ದಲದಲ್ಲಿ ಪಾರ್ಟಿ ನಿಂತುಹೋಗಿ, ಆಪರೇಷನ್ ಡೇರೆಯ ಬಾಗಿಲಿನಿಂದಲೇ ಎಲ್ಲರಿಗೂ ಹೇಳಿ ಹೊರಡುತ್ತಾನೆ.

ಅವನ ಮೇಜಿಗೆ ಬಂದವನು ಕ್ಲಿಂಗರ್. ಹುಚ್ಚನೆಂದು ಬಿಡುಗಡೆ ಸಿಗಲಿ ಎಂದು ಹೆಂಗಸರ ಉಡುಪು ತೊಟ್ಟು ಓಡಾಡುತ್ತಿದ್ದವನು. ಜೇಮೀ ಫಾರ್ ನಿಜ ಜೀವನದಲ್ಲೂ ಸೈನ್ಯದ ಕೆಲಸದ ಮೇಲೆ ಕೊರಿಯಾಕ್ಕೆ ಹೋಗಿಬಂದವರು. ಉಡುಪು ಕಳಚಿಟ್ಟ ಮೇಲೆ ಕ್ಲಿಂಗರನ ನಗೆ ಅರ್ಧಕ್ಕಿಳಿಯಿತು ಎಂಬ ದೂರು ಸರಿಯೇ. ಈ ಒಂದು ಬದಲಾವಣೆಯಲ್ಲಿ ಧಾರಾವಾಹಿ ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಹೋಗದೆ ಬದಲಾದವಳು

ಮೇಜರ್ ಮಾರ್ಗರೆಟ್ ಹೌಲಿಹಾನ್ ಬಗ್ಗೆ ಹೇಳದಿದ್ದರೆ ಹೋಲಿಕೆ ಪೂರ್ತಿಯಾಗದು. ಮೊದಲ ಸೀಸನ್ನುಗಳಲ್ಲಿ ಆಕೆ ‘ಹಾಟ್ ಲಿಪ್ಸ್’ ಎಂಬ ಅಡ್ಡಹೆಸರಿನ, ಫ್ರ್ಯಾಂಕ್‌ನ ಕದ್ದುಮುಚ್ಚಿನ ಪ್ರೇಯಸಿ. ಗಂಡಸರು ನಗಲು ಇಟ್ಟ ಪಾತ್ರ. ಲೊರೆಟಾ ಸ್ವಿಟ್ ಅದನ್ನು ವರ್ಷ ವರ್ಷ ಎಳೆದು ಬದಲಿಸಿದರು. ಐದನೇ ಸೀಸನ್ನಿನ ‘ದ ನರ್ಸಸ್’ ಕಂತಿನಲ್ಲಿ ತನ್ನ ಕೈಕೆಳಗಿನ ಹುಡುಗಿಯರ ಮುಂದೆ ಆಕೆ ಸಿಡಿಯುತ್ತಾಳೆ, ಇಷ್ಟು ದಿನದಲ್ಲಿ ಒಬ್ಬರಾದರೂ ಒಂದು ಲೋಟ ಕಾಫಿಗೆ ತನ್ನನ್ನು ಕರೆದಿರಾ ಎಂದು. ಹೆಣ್ಣು ಮೇಲಧಿಕಾರಿಯಾದರೆ ಏನಾಗುತ್ತದೆ ಎಂಬುದನ್ನು ಅನುಭವಿಸಿದವರಿಗೆ ಆ ಒಂದು ಲೋಟ ಕಾಫಿ ಸಾಕು. ನಾನು ಮೂವತ್ತು ವರ್ಷ ಕಚೇರಿಯಲ್ಲಿ ದುಡಿದವಳು, ಆ ದೃಶ್ಯವನ್ನು ಒಂದೇ ಸಲಕ್ಕೆ ನೋಡಿ ಮುಗಿಸಲಾಗಲಿಲ್ಲ. ಸ್ವಿಟ್ 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ಈ ಕಾರಣಕ್ಕೇ ಮೊದಲ ಮೂರು ಸೀಸನ್ನುಗಳ ಬಗ್ಗೆ ನನ್ನ ಸೋದರಸೊಸೆಗೆ ಮುಂಚೆಯೇ ಹೇಳಿಟ್ಟೆ: ನರ್ಸುಗಳ ಮೇಲಿನ ಜೋಕುಗಳು ಇಂದು ಕಣ್ಣಿಗೆ ಚುಚ್ಚುತ್ತವೆ. ಮೊದಲ ಸೀಸನ್ನಿನಲ್ಲಿದ್ದ ಒಬ್ಬನೇ ಕರಿಯ ಡಾಕ್ಟರನಿಗೆ ಜನಾಂಗೀಯ ಅಡ್ಡಹೆಸರು. ಅವನು ಕೆಲವೇ ಕಂತುಗಳಲ್ಲಿ ಮಾಯವಾಗುತ್ತಾನೆ, ಮತ್ತೆ ಯಾರೂ ಅವನ ಸುದ್ದಿ ಎತ್ತುವುದಿಲ್ಲ. ಹನ್ನೊಂದೂ ವರ್ಷ ಕೊರಿಯನ್ನರು ಹೆಚ್ಚಾಗಿ ಹಿನ್ನೆಲೆಯಲ್ಲೇ ಉಳಿದರು. ಕೊನೆಯ ವರ್ಷಗಳ ತಪ್ಪು ಬೇರೆ ಬಗೆಯದು. ಪಾತ್ರಗಳು ಒಮ್ಮೊಮ್ಮೆ ಎಲ್ಲವನ್ನೂ ತಿಳಿದವರಂತೆ ಮಾತಾಡುತ್ತವೆ, ಒಂದೇ ಕಂತಿನಲ್ಲಿ ಗಾಯ, ಪಶ್ಚಾತ್ತಾಪ, ಪಾಠ ಎಲ್ಲ ಮುಗಿಯುತ್ತದೆ. ಅಣ್ಣನ ‘ಉಪನ್ಯಾಸ’ ಎಂಬ ಮಾತು ಹತ್ತು, ಹನ್ನೊಂದನೇ ಸೀಸನ್ನುಗಳಿಗೆ ಅಲ್ಲಲ್ಲಿ ಒಪ್ಪುತ್ತದೆ.

ಹಾಗಾದರೆ ಯಾವುದು?

ದಿನದ ದುಡಿತ ಮುಗಿಸಿ ಇಪ್ಪತ್ತೈದು ನಿಮಿಷ ನಕ್ಕು ಮಲಗಬೇಕು ಅನ್ನುವವರು ಎರಡು ಮತ್ತು ಮೂರನೇ ಸೀಸನ್ ಹಿಡಿಯಿರಿ. ಮೂರನೆಯದರ ‘ಆಡಮ್ಸ್ ರಿಬ್ಸ್’ನಲ್ಲಿ ದಿನವೂ ಲಿವರ್, ಮೀನು ತಿಂದು ರೋಸಿದ ಹಾಕೈ ಶಿಕಾಗೋದ ಹೋಟೆಲಿನಿಂದ ಕೊರಿಯಾಕ್ಕೆ ಊಟ ತರಿಸಲು ಹೊರಡುತ್ತಾನೆ. ಹಾಸ್ಟೆಲಿನ ಉಪ್ಪಿಟ್ಟು ತಿಂದು ಬೆಳೆದ ಯಾರಿಗೂ ಅನುವಾದ ಬೇಡ.

ಹೆಚ್ಚು ಸಮಯವಿಲ್ಲ, ಒಂದೇ ಒಂದು ಸೀಸನ್ ನೋಡುತ್ತೇನೆ ಎನ್ನುವವರಿಗೆ ನಾಲ್ಕನೆಯದು. ಗೆಲ್ಬಾರ್ಟ್ ಇನ್ನೂ ಇದ್ದಾರೆ, ಪಾಟರ್ ಬಂದಿದ್ದಾನೆ, ಫ್ರ್ಯಾಂಕ್ ಇನ್ನೂ ಹಳಸಿಲ್ಲ. ಹಳೆಯ ವೇಗ, ಹೊಸ ಆಳ ಎರಡೂ ಒಂದೇ ಕಡೆ ಸಿಗುವುದು ಇಲ್ಲಿ ಮಾತ್ರ. ಸೀಸನ್ನಿನ ಕೊನೆಯ ಕಂತು ‘ದ ಇಂಟರ್‌ವ್ಯೂ’ ಕಪ್ಪುಬಿಳುಪಿನದು. ಪತ್ರಕರ್ತನೊಬ್ಬ ಕ್ಯಾಮೆರಾ ಹಿಡಿದು ಬಂದು ಒಬ್ಬೊಬ್ಬರನ್ನೂ ಪ್ರಶ್ನಿಸುತ್ತಾನೆ. ಉತ್ತರಗಳಲ್ಲಿ ಎಷ್ಟೋ ಮಾತು ನಟರು ಸ್ಥಳದಲ್ಲೇ ಕಟ್ಟಿಕೊಂಡದ್ದು. ಗೆಲ್ಬಾರ್ಟ್ ಅವರ ಕೊನೆಯ ಕಂತೂ ಅದೇ.

ವೈದ್ಯರು, ನರ್ಸುಗಳು, ಆಸ್ಪತ್ರೆಯ ರಾತ್ರಿಪಾಳಿ ಮಾಡಿದವರು ಏಳು, ಎಂಟನೇ ಸೀಸನ್ನಿಗೆ ಹೋಗಿ. ‘ಪಾಯಿಂಟ್ ಆಫ್ ವ್ಯೂ’ ಇಡೀ ಕಂತು ಗಾಯಗೊಂಡ ಸೈನಿಕನ ಕಣ್ಣಿನಿಂದಲೇ ಕಾಣುತ್ತದೆ. ‘ಲೈಫ್ ಟೈಮ್’ನಲ್ಲಿ ತೆರೆಯ ಮೂಲೆಯ ಗಡಿಯಾರ ಓಡುತ್ತಿರುತ್ತದೆ. ಸಮಯ ಮೀರುವುದರೊಳಗೆ ರಕ್ತನಾಳ ಜೋಡಿಸಬೇಕು. ಧಾರಾವಾಹಿಯವರು ಕೊರಿಯಾದಲ್ಲಿ ಕೆಲಸ ಮಾಡಿದ್ದ ವೈದ್ಯರನ್ನು ಕೂರಿಸಿ ಮಾತಾಡಿಸಿ ಕಥೆ ಸಂಗ್ರಹಿಸಿದ್ದು ಇಂಥ ಕಡೆ ಕಾಣುತ್ತದೆ.

ಇನ್ನೊಂದು ಸಲಹೆ, ಎಲ್ಲ ಕಾಲಕ್ಕೂ. ಹಿನ್ನೆಲೆಯ ರೆಕಾರ್ಡ್ ಮಾಡಿದ ನಗುವನ್ನು ವಾಹಿನಿಯವರು ಹಟ ಹಿಡಿದು ಹಾಕಿಸಿದ್ದು. ಆಪರೇಷನ್ ದೃಶ್ಯಗಳಲ್ಲಿ ಬೇಡವೇ ಬೇಡ ಎಂದು ನಿರ್ಮಾಪಕರು ಅಷ್ಟರಮಟ್ಟಿಗೆ ಗೆದ್ದರು. ಬ್ರಿಟನ್ನಿನಲ್ಲಿ ಬಿಬಿಸಿ ಆ ನಗುವಿಲ್ಲದೆಯೇ ಪ್ರಸಾರ ಮಾಡಿತು. ಡಿವಿಡಿಗಳಲ್ಲಿ ಅದನ್ನು ನಿಲ್ಲಿಸುವ ಸೌಲಭ್ಯವಿದೆ. ನಿಲ್ಲಿಸಿ ನೋಡಿ. ಮೊದಲ ಸೀಸನ್ ಕೂಡ ಎಷ್ಟು ಬೇರೆಯಾಗಿ ಕೇಳುತ್ತದೆ ಎಂದರೆ, ಅಣ್ಣನ ಟ್ರ್ಯಾಪರನ ಕಣ್ಣಿನಲ್ಲಿದ್ದ ದಣಿವು ನನಗೆ ಮೊದಲ ಬಾರಿಗೆ ಕಂಡದ್ದು ಹಾಗೆ ನೋಡಿದಾಗಲೇ.

ಎಲ್ಲವನ್ನೂ ನೋಡುವ ಮನಸ್ಸಿದ್ದರೆ ಕ್ರಮ ತಪ್ಪಿಸಬೇಡಿ. ಇದು ನಾನು ಬದಲಿಸಿಕೊಂಡ ಅಭಿಪ್ರಾಯ. ನಾಲ್ಕರಿಂದ ಶುರು ಮಾಡು ಎಂದು ಸೊಸೆಗೆ ಹೇಳಿದ್ದನ್ನು ಹಿಂತೆಗೆದುಕೊಂಡೆ. ಮೊದಲ ಸೀಸನ್ನಿನಲ್ಲಿ ಬೇಸರವಾದ ಕಂತು ದಾಟಿಸಿದರೂ ಚಿಂತೆಯಿಲ್ಲ, ಹೆನ್ರಿಯ ವಿದಾಯಕ್ಕೆ ಮುಂಚೆ ಅವನ ಪರಿಚಯ ಗಾಢವಾಗಿರಬೇಕು. ಕೊನೆಯ ಕಂತು ‘ಗುಡ್‌ಬೈ, ಫೇರ್‌ವೆಲ್ ಆ್ಯಂಡ್ ಅಮೆನ್’ ಅನ್ನು ಮಾತ್ರ ಯಾವ ಕಾರಣಕ್ಕೂ ಮೊದಲೇ ನೋಡಬೇಡಿ. ಜಾಹೀರಾತೂ ಸೇರಿ ಎರಡೂವರೆ ಗಂಟೆ ಪ್ರಸಾರವಾದ ಕಂತು ಅದು. ಅಮೆರಿಕದಲ್ಲಿ ಅಂದು ಸುಮಾರು 10.6 ಕೋಟಿ ಜನ ನೋಡಿದರು. ಚಿತ್ರೀಕರಣದ ಹೊತ್ತಿಗೆ, 1982ರ ಅಕ್ಟೋಬರ್‌ನಲ್ಲಿ, ಕಾಳ್ಗಿಚ್ಚಿಗೆ ಮಾಲಿಬುವಿನ ಹೊರಾಂಗಣ ಸೆಟ್ ಸುಟ್ಟುಹೋಯಿತು. ಆ ಬೆಂಕಿಯನ್ನೇ ಕಥೆಯೊಳಗೆ ತಂದುಕೊಂಡರು.

ಆ ಕಂತಿನಲ್ಲಿ ಚಾರ್ಲ್ಸ್, ಸೆರೆಸಿಕ್ಕ ಚೀನೀ ಸೈನಿಕ ವಾದಕರಿಗೆ ಮೊಟ್ಸಾರ್ಟ್ ಕಲಿಸುತ್ತಾನೆ. ಅದನ್ನು ನೋಡುವಾಗಲೆಲ್ಲ ನನಗೆ ಮಡಿಕೇರಿ ನೆನಪಾಗುತ್ತದೆ. ಕದನ ನಿಂತ ಮೇಲೆ ತಾಯ್ನಾಡಿಗೆ ಮರಳಲು ಒಪ್ಪದ ಸಾವಿರಾರು ಕೈದಿಗಳ ಗತಿ ಏನೆಂದು ತೀರ್ಮಾನಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಕೊರಿಯಾಕ್ಕೆ ಹೋದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಧಾರಾವಾಹಿಯ ಡೇರೆಗಳು ಬಿಚ್ಚುವ ಹೊತ್ತಿಗೆ ಅವರ ಕೆಲಸ ಶುರುವಾಗುತ್ತದೆ. ಅದಕ್ಕೂ ಮುಂಚೆ, 1950ರ ಕೊನೆಯಿಂದಲೇ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ ಭಾರತದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅಲ್ಲಿ ಗಾಯಾಳುಗಳ ಸೇವೆಯಲ್ಲಿತ್ತು. 1951ರ ಮಾರ್ಚ್‌ನಲ್ಲಿ ಅವರ ಒಂದು ತಂಡ ಪ್ಯಾರಾಚೂಟಿನಲ್ಲಿ ಮುನ್ಸಾನ್‌ನಿ ಬಳಿ ಇಳಿದು ಕೆಲಸ ಮಾಡಿತು. ಅದೇ ಚಳಿ, ಅದೇ ಕೆಸರು, ಅದೇ ಡೇರೆ.

ಕೊನೆಯ ಕಂತು ಮುಗಿದ ಮರುದಿನ ಮೊದಲನೇ ಕಂತನ್ನು ಇನ್ನೊಮ್ಮೆ ಹಾಕಿ. ಶುರುವಿಗೆ ತೆರೆಯ ಮೇಲೆ ಒಂದು ಸಾಲು ಬರುತ್ತದೆ: ಕೊರಿಯಾ, 1950, ನೂರು ವರ್ಷಗಳ ಹಿಂದೆ. ಹಾಕೈ ಮತ್ತು ಟ್ರ್ಯಾಪರ್ ಗಾಲ್ಫ್ ಆಡುತ್ತಿರುತ್ತಾರೆ, ಚೆಂಡು ಹೋಗಿ ಬಿದ್ದಲ್ಲಿ ನೆಲಬಾಂಬು ಸಿಡಿಯುತ್ತದೆ. ಸೊಸೆ ಈಗ ಎರಡನೇ ಸೀಸನ್ನಿನಲ್ಲಿದ್ದಾಳೆ. ಹೆನ್ರಿ ಅವಳಿಗೆ ತುಂಬ ಹಿಡಿಸಿದ್ದಾನಂತೆ. ಅಣ್ಣನೂ ನಾನೂ ಏನೂ ಹೇಳಿಲ್ಲ.